ತಲೆಚೀಟಿ ಇಲ್ಲದ ಲಕೋಟೆ

ಕೋರ್ಟಿನ ರೆಕಾರ್ಡ್ ರೂಮಿಗೆ ಹೊಸದಾಗಿ ಸೇರಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲು ಅರಗು ಕರಗಿಸುವುದನ್ನು ಕಲಿಯಿರಿ ಎಂದೇ ಹೇಳುತ್ತೇನೆ. ಕಾಯಿದೆ ಆಮೇಲೆ ತಾನಾಗಿಯೇ ತಲೆಗೆ ಹತ್ತುತ್ತದೆ. ಅರಗಿನ ಕಡ್ಡಿಯನ್ನು ಮೇಣದಬತ್ತಿಗೆ ತೀರಾ ಹತ್ತಿರ ಹಿಡಿದರೆ ಹೊತ್ತಿಕೊಂಡು ಕಪ್ಪಾಗುತ್ತದೆ, ದೂರ ಹಿಡಿದರೆ ಹನಿ ಬೀಳುವುದೇ ಇಲ್ಲ. ಹನಿ ಬಿದ್ದ ಮೇಲೆ ಹಿತ್ತಾಳೆಯ ಮುದ್ರೆಗೆ ಒಂಚೂರು ಎಂಜಲು ಮುಟ್ಟಿಸಿ ಒತ್ತಬೇಕು. ಇಲ್ಲದಿದ್ದರೆ ಅರಗು ಮುದ್ರೆಗೇ ಅಂಟಿಕೊಂಡು ಎದ್ದು ಬರುತ್ತದೆ. ಸರ್ಕಾರದ ಲಾಂಛನಕ್ಕೆ ಎಂಜಲು ಹಚ್ಚುವ ಅಧಿಕಾರ ಇಡೀ ಕೋರ್ಟಿನಲ್ಲಿ ನಮಗೊಬ್ಬರಿಗೇ ಇತ್ತು, ಅದನ್ನು ನಾನು ಎಂದೂ ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ಚನ್ನಗಿರಿಯಲ್ಲಿ ಗುಮಾಸ್ತನಾಗಿ ಸೇರಿದೆ. ಆಮೇಲೆ ಹೊನ್ನಾಳಿ, ಮತ್ತೆ ಚನ್ನಗಿರಿ, ಮತ್ತೆ ಹೊನ್ನಾಳಿ. ಕಾಗದ ಹುಡುಕಿಕೊಂಡು ನ್ಯಾಮತಿಗೂ ಜಗಳೂರಿಗೂ ಅಲೆದೆ. ಬಡ್ತಿಗಳು ಬಂದಾಗ ಬಂದವು, ಆ ಕಥೆ ನನ್ನ ಹೆಂಡತಿಗೇ ಬೇಡವಾಗಿತ್ತು, ಇನ್ನು ನಿಮಗೇಕೆ?

ರೆಕಾರ್ಡ್ ರೂಮಿನ ಬಾಗಿಲು ತೆರೆದ ಮೊದಲ ದಿನ ಮಾತ್ರ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನೆಲದಿಂದ ಹೆಂಚಿನವರೆಗೆ ಕೆಂಪು ಬಟ್ಟೆಯ ಗಂಟುಗಳು. ಒಂದೊಂದು ಗಂಟಿನಲ್ಲಿ ಇಪ್ಪತ್ತು ಮೂವತ್ತು ಕಡತಗಳು, ಒಂದೊಂದು ಕಡತದಲ್ಲಿ ಒಂದು ಜಗಳ, ಒಂದು ಕಳವು, ಒಂದು ಕಣ್ಣೀರು. ಒಬ್ಬರ ಮುಖ ಒಬ್ಬರು ನೋಡದೆ ಸತ್ತ ಅಣ್ಣತಮ್ಮಂದಿರು ಅಲ್ಲಿ ಒಂದೇ ದಾರದಲ್ಲಿ ಕಟ್ಟಿಸಿಕೊಂಡು ಕೂತಿದ್ದರು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಯಾರೂ ಬಿಡು ಅನ್ನಲಿಲ್ಲ, ನನಗೇ ಬಿಡಬೇಕೆನಿಸಿತು.

ನನ್ನ ಮೇಲಿನವರು ಗಫೂರ್ ಸಾಹೇಬರು. ದಿನಾ ಕೆರೆಬಿಳಚಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಸುತ್ತಲಿನ ಎಲ್ಲ ಕೋರ್ಟುಗಳ ದೂಳು ಕುಡಿದ ಮನುಷ್ಯ. ವಕೀಲರು ಬಂದು ಹನ್ನೆರಡು ವರ್ಷದ ಹಿಂದಿನ ಕಡತ ಕೇಳಿದರೆ ಪುಸ್ತಕ ತೆಗೆಯುತ್ತಿರಲಿಲ್ಲ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತು, "ಎಡಗಡೆ ಗೋಡೆ, ಮೂರನೇ ಸಾಲು, ತಳದಿಂದ ಎರಡನೇ ಗಂಟು" ಅನ್ನುತ್ತಿದ್ದರು. ನಾನು ಏಣಿ ಹತ್ತಿ ನೋಡಿದರೆ ಅಲ್ಲೇ ಇರುತ್ತಿತ್ತು. ಮೊದಮೊದಲು ಇದು ಕಾಕತಾಳೀಯ ಅಂದುಕೊಂಡಿದ್ದೆ. ಆರು ತಿಂಗಳಾದ ಮೇಲೆ ಅವರ ಮುಂದೆ ಕೂರುವುದಕ್ಕೂ ಹಿಂಜರಿಕೆಯಾಗತೊಡಗಿತು.

ಅವರು ನನಗೆ ಒಂದು ವರ್ಷ ಪೂರ್ತಿ ತಲೆಚೀಟಿ ಬರೆಸಿದರು. ತಲೆಚೀಟಿ ಅಂದರೆ ಪ್ರತಿ ಕಡತದ, ಪ್ರತಿ ಲಕೋಟೆಯ ಹಣೆಗೆ ಅಂಟಿಸುವ ಚೀಟಿ: ಯಾರದ್ದು, ಯಾವ ಊರು, ಒಳಗೇನಿದೆ, ಎಷ್ಟು ಹಾಳೆ. "ತಲೆಚೀಟಿ ಇಲ್ಲದ್ದು ಕಡತ ಅಲ್ಲಪ್ಪಾ, ರದ್ದಿ. ಅದನ್ನ ಶೆಟ್ರ ಅಂಗಡಿಗೆ ಕೊಡು, ಕಾರ ಮಂಡಕ್ಕಿ ಕಟ್ಟಾಕೆ ಆಗ್ತೈತೆ" ಎನ್ನುತ್ತಿದ್ದರು. ನನ್ನ ಅಕ್ಷರ ದುಂಡಗಾದದ್ದು ಅವರಿಂದ. ನನ್ನ ಜೀವನದ ದೊಡ್ಡ ತಪ್ಪು ಹುಟ್ಟಿದ್ದೂ ಅದೇ ಅಕ್ಷರದಿಂದ. ಅದಕ್ಕೆ ಬರುತ್ತೇನೆ.

ಅದಕ್ಕೂ ಮೊದಲು ಒಂದು ಸಣ್ಣ ತಪ್ಪು. ಒಂದು ಉಯಿಲನ್ನು ಲಕೋಟೆಯಲ್ಲಿಟ್ಟು ಮುದ್ರೆ ಹಾಕಬೇಕೆಂದು ಆದೇಶವಾಯಿತು. ಐದು ಕಡೆ ಅರಗು ಸುರಿದು ಚಂದವಾಗಿ ಮುದ್ರೆ ಒತ್ತಿದೆ. ಮಾರನೆಯ ದಿನ ನ್ಯಾಯಾಧೀಶರು ಆ ಆದೇಶದ ಹಾಳೆ ಕೇಳಿದರು. ಹಾಳೆ ಲಕೋಟೆಯೊಳಗೆ ಉಯಿಲಿನ ಜೊತೆ ಬೆಚ್ಚಗೆ ಮಲಗಿತ್ತು. ಲಕೋಟೆ ಒಡೆಯಬೇಕಾದರೆ ಆದೇಶ ಬೇಕು, ಆದೇಶ ಒಳಗಿದೆ. ಕೊನೆಗೆ ಅವರು ಆದೇಶವನ್ನು ಹೊರತೆಗೆಯಲು ಇನ್ನೊಂದು ಆದೇಶ ಬರೆದರು. ಗಫೂರ್ ಸಾಹೇಬರು ಬೈಯಲಿಲ್ಲ. "ನೀನೂ ಒಳಗೆ ಸೇರ್ಕೊಂಡು ಮುದ್ರೆ ಹಾಕ್ಕಳ್ಳಿಲ್ಲ, ಅದೇ ಪುಣ್ಯ" ಅಂದರು, ಅಷ್ಟೇ.

ಈಗ ಬಂಧನದ ದಾಖಲೆಗಳ ಮಾತು. ಒಬ್ಬರನ್ನು ಹಿಡಿದು ಬಿಡುವುದಕ್ಕೆ ಅರ್ಧ ದಿನ ಸಾಕು. ಆದರೆ ಆ ಅರ್ಧ ದಿನ ಎಷ್ಟು ಪುಸ್ತಕಗಳಲ್ಲಿ ಹೋಗಿ ಕೂರುತ್ತದೆಂದು ಹೊರಗಿನವರಿಗೆ ಗೊತ್ತಿಲ್ಲ. ಠಾಣೆಯ ದಿನಚರಿಯಲ್ಲಿ ಒಂದು ಸಾಲು, ಬಂಧನದ ಪುಸ್ತಕದಲ್ಲಿ ಒಂದು ಸಾಲು, ದಾರಿಯಲ್ಲಿ ಇನ್ನೊಂದು ಠಾಣೆಯಲ್ಲಿ ತಂಗಿದ್ದರೆ ಅಲ್ಲೊಂದು, ಕೋರ್ಟಿನಲ್ಲಿ ಪೂರಾ ಒಂದು ಕಡತ. ಹಿಡಿದದ್ದನ್ನು ಎಲ್ಲರೂ ಬರೆಯುತ್ತಾರೆ. ಬಿಟ್ಟದ್ದನ್ನು ಬರೆಯುವ ವೇಳೆಗೆ ಊಟದ ಹೊತ್ತಾಗಿರುತ್ತದೆ. ಮನುಷ್ಯ ಮನೆಗೆ ಹೋಗುತ್ತಾನೆ, ಅವನ ಹೆಸರು ಮಾತ್ರ ಅಲ್ಲೇ ಒಳಗಿರುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ರೆಕಾರ್ಡ್ ಕೀಪರ್ ಆಗಿದ್ದ ಒಂದು ಕೋರ್ಟಿಗೆ ಒಬ್ಬ ಹೆಣ್ಣುಮಗಳು ಬಂದಳು. ಯಾವ ಊರಿನ ಕೋರ್ಟು ಎಂದು ಹೇಳುವುದಿಲ್ಲ. ಮುದ್ರೆ ಹಾಕಿದವನೇ ಅದನ್ನು ಒಡೆಯಬಾರದು. ಅವಳನ್ನು ಇಲ್ಲಿ ರತ್ನವ್ವ ಎಂದು ಕರೆಯುತ್ತೇನೆ, ಅದು ಅವಳ ಹೆಸರಲ್ಲ.

ರತ್ನವ್ವ ಊರೂರು ಸುತ್ತಿ ಗುಡಾರ ಹಾಕುವ ಜನದವಳು. ಅವಳಿಗೆ ಹದಿಮೂರು ವರ್ಷವಿದ್ದಾಗ ಒಬ್ಬ ಸಾಹುಕಾರರ ಮನೆಯ ತಾಮ್ರದ ಹಂಡೆ ಕಾಣೆಯಾಯಿತು. ಹಿಂದಿನ ವಾರ ಊರ ಹೊರಗೆ ಗುಡಾರ ಇತ್ತು ಎಂಬುದೊಂದೇ ಗುಮಾನಿಯ ಮೇಲೆ, ಜಗಳೂರು ಕಡೆಯ ಬಯಲಿಗೆ ಹೋಗಿದ್ದವರನ್ನು ಪೊಲೀಸರು ಹಿಡಿದು ತಂದರು. ಎಂಟು ಜನ, ಅವರಲ್ಲಿ ಇವಳೂ ಒಬ್ಬಳು. ಒಂದು ವರ್ಷ ಕೇಸು ನಡೆಯಿತು. ಹಂಡೆ ಕಳವಾಗಿಯೇ ಇರಲಿಲ್ಲ. ಸಾಹುಕಾರರ ತಮ್ಮ ಅದನ್ನು ಬೀಗರ ಮನೆಯ ಮದುವೆಗೆ ಒಯ್ದು ಅಲ್ಲೇ ಮರೆತು ಬಂದಿದ್ದ. ಕೇಸು ಬಿದ್ದುಹೋಯಿತು.

ಆ ರತ್ನವ್ವ ಈಗ ಮೇಷ್ಟ್ರ ತರಬೇತಿ ಮುಗಿಸಿದ್ದಳು. ಸರ್ಕಾರಿ ಶಾಲೆಗೆ ನೇಮಕದ ಪತ್ರವೂ ಬಂದಿತ್ತು. ಜೊತೆಗೆ ಒಂದು ಫಾರಂ. ಅದರಲ್ಲಿ ಒಂದು ಪ್ರಶ್ನೆ: ನೀವು ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ? ಫಾರಂ ತುಂಬಿ ಕಳಿಸಲು ಒಂದು ತಿಂಗಳ ಗಡುವು. ವಕೀಲರಿಲ್ಲದೆ ತಾನೇ ಅರ್ಜಿ ಬರೆದುಕೊಂಡು ಬಂದು ನ್ಯಾಯಾಧೀಶರ ಮುಂದೆ ನಿಂತಳು.

"ಹೌದು ಅಂತ ಬರೆದ್ರೆ ಕೆಲಸ ಹೋಗ್ತೈತೆ ಸ್ವಾಮಿ. ಇಲ್ಲ ಅಂತ ಬರೆದ್ರೆ ಸುಳ್ಳಾಗ್ತೈತೆ. ಮಕ್ಳಿಗೆ ಪಾಠ ಹೇಳಾಕೆ ಹೊಂಟೀನಿ, ಮೊದ್ಲ ದಿನಾನೇ ಸುಳ್ಳು ಬರೆದು ಹೆಂಗೆ ಹೋಗ್ಲಿ?"

ನ್ಯಾಯಾಧೀಶರು ಹೊಸಬರು, ವಯಸ್ಸು ನನಗಿಂತ ಕಡಿಮೆ. ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ಮಕ್ಕಳ ಕಾಯಿದೆಯನ್ನು ಎರಡು ದಿನ ತಿರುವಿಹಾಕಿ ಆದೇಶ ಬರೆದರು. ಈ ಬಂಧನದ ದಾಖಲೆ ಎಲ್ಲೆಲ್ಲಿದೆಯೋ ಹುಡುಕಿ ಮುದ್ರೆ ಹಾಕಬೇಕು. ಕೋರ್ಟಿನ ಅಪ್ಪಣೆ ಇಲ್ಲದೆ ಯಾರೂ ನೋಡಕೂಡದು. ಆಮೇಲೆ ಆ ಪ್ರಶ್ನೆಗೆ ಆಕೆ ಇಲ್ಲ ಎಂದು ಬರೆದರೆ ಅದು ಕಾನೂನಿನ ಕಣ್ಣಿನಲ್ಲಿ ಸತ್ಯವೇ.

ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ನ್ಯಾಮತಿಗೆ ಹೋದೆ, ಗುಡಾರದವರನ್ನು ಆ ದಾರಿಯಾಗಿ ತಂದಿದ್ದರಂತೆ ಎಂಬ ಮಾತಿತ್ತು. ಅಲ್ಲಿ ಒಳ್ಳೆಯ ಚಹಾ ಸಿಕ್ಕಿತು, ಕಾಗದ ಸಿಗಲಿಲ್ಲ. ಆಮೇಲೆ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರು. ಬಿಸಿಲಿಗೆ ರಸ್ತೆಯೇ ನಡುಗುತ್ತಿತ್ತು. ಅಲ್ಲಿನ ಠಾಣೆಯ ರೈಟರ್ ಬಸಣ್ಣ ಎಂಬವರು ನನ್ನ ಜೊತೆ ಅಟ್ಟ ಹತ್ತಿ, ಪಾರಿವಾಳದ ಹಿಕ್ಕೆ ಕೊಡವಿ, ಒಂದೊಂದೇ ಪುಸ್ತಕ ಇಳಿಸಿಕೊಟ್ಟರು. ಮಧ್ಯಾಹ್ನ ಮೂರರ ಹೊತ್ತಿಗೆ ಆ ಸಾಲು ಸಿಕ್ಕಿತು: "ಅಲೆಮಾರಿಗಳು ಎಂಟು, ಪೈಕಿ ಹುಡುಗಿ ಒಂದು, ಕರೆದೊಯ್ದರು." ಹೆಸರೇ ಇಲ್ಲ.

"ಇದಕ್ಕೆ ಏನ್ ಮುದ್ರೆ ಹಾಕ್ತೀರಿ?" ಎಂದರು ಬಸಣ್ಣ. "ಹೆಸರು ಇದ್ರೆ ತಾನೇ ಮುಚ್ಚಾಕೆ."

ಸಮಾಧಾನವಾಯಿತು, ಆದರೆ ಪೂರ್ತಿಯಲ್ಲ. ಕುರಿ ಎಣಿಸಿದಂತೆ ಎಣಿಸಿದ್ದರು. ಬಸ್ಸಿನಲ್ಲಿ ಮರಳುವಾಗ ದಾರಿಯುದ್ದಕ್ಕೂ ಆ ಸಾಲೇ ತಲೆಯಲ್ಲಿ ಸುತ್ತುತ್ತಿತ್ತು.

ರತ್ನವ್ವನನ್ನು ಹಿಡಿದ ಠಾಣೆಯ ಪುಸ್ತಕ ಸುಲಭವಾಗಿ ಸಿಕ್ಕಿತು, ಅದರಲ್ಲಿ ಅವಳ ಹೆಸರಿತ್ತು. ಕಷ್ಟವಾದದ್ದು ನಮ್ಮದೇ ಕೋರ್ಟಿನ ಕಡತ. ಆ ವರ್ಷದ ಸೂಚಿ ಪುಸ್ತಕವನ್ನು ಗೆದ್ದಲು ತಿಂದು ಮುಗಿಸಿತ್ತು. ನಾಲ್ಕು ನೂರಕ್ಕೂ ಹೆಚ್ಚು ಗಂಟುಗಳು, ಎಷ್ಟೋ ತಲೆಚೀಟಿಗಳು ಉದುರಿಹೋಗಿದ್ದವು. ಎಂಟು ದಿನ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ಕೈ ಸೋತಿತು. ಗಡುವಿಗೆ ಹನ್ನೆರಡು ದಿನ ಉಳಿದಿತ್ತು. ಭಾನುವಾರ ಕೆರೆಬಿಳಚಿಗೆ ಹೋದೆ.

ಗಫೂರ್ ಸಾಹೇಬರು ನಿವೃತ್ತರಾಗಿ ವರ್ಷಗಳಾಗಿದ್ದವು. ಕಣ್ಣಿನ ಪೊರೆ ಬಲಿತು ಎದುರಿಗಿದ್ದವರು ನೆರಳಿನಂತೆ ಕಾಣುತ್ತಿದ್ದರು. ಮಂಚದ ಮೇಲೆ ಕೂತು ಎಲ್ಲ ಕೇಳಿ, ಹಳೆಯ ರೂಢಿಯಂತೆ ಕಣ್ಣು ಮುಚ್ಚಿಕೊಂಡರು.

"ಆ ವರ್ಷ ಅಲ್ಲಿ ಬೆಂಚ್ ಕ್ಲರ್ಕ್ ಒಬ್ರು ಇದ್ರು, ಎಡಗೈಯವ್ರು" ಅಂದರು. "ಅವ್ರು ಕಟ್ಟಿದ್ದು ಎಲ್ಲಾ ಎಡಗೈ ಗಂಟು. ನಾವು ಎಳೆದ್ರೆ ಬಿಗೀತದೆ, ಬಿಚ್ಚಲ್ಲ. ನಿನ್ ಕಾಲ್ದಾಗೆ ಯಾರೂ ಬಿಚ್ಚಿರಾಕಿಲ್ಲ. ಚೀಟಿ ಹುಡುಕಬ್ಯಾಡ ರುದ್ರಪ್ಪ, ಗಂಟು ಹುಡುಕು."

ಸೋಮವಾರ ಬೆಳಿಗ್ಗೆ ಏಣಿ ಹಾಕಿ, ಚೀಟಿಗಳ ಕಡೆ ನೋಡದೆ ಬರಿಯ ದಾರದ ತುದಿಗಳನ್ನು ಎಳೆಯುತ್ತಾ ಹೋದೆ. ಹತ್ತು ಗಂಟೆಯೊಳಗೆ ಎಳೆದಷ್ಟೂ ಬಿಗಿಯಾಗುವ ಒಂದು ಗಂಟು ಕೈಗೆ ಬಂತು. ಅದರಲ್ಲಿ ಏಳನೆಯದು ರತ್ನವ್ವನ ಕಡತ. ಏಣಿಯ ಮೇಲೇ ಸ್ವಲ್ಪ ಹೊತ್ತು ಕೂತುಬಿಟ್ಟೆ. ಒಬ್ಬ ಮನುಷ್ಯ ಹತ್ತು ವರ್ಷದ ಕೆಳಗೆ ಯಾವ ಕೈಯಿಂದ ದಾರ ಕಟ್ಟಿದ ಎಂಬುದನ್ನು ಕಣ್ಣು ಕಾಣದ ಇನ್ನೊಬ್ಬ ಮಂಚದ ಮೇಲೆ ಕೂತು ಹೇಳುತ್ತಾನೆ. ನಾನು ಕಂಡ ದೊಡ್ಡ ದೊಡ್ಡ ತೀರ್ಪುಗಳು ಯಾವುವೂ ನನ್ನನ್ನು ಅಷ್ಟು ಬೆರಗುಗೊಳಿಸಿಲ್ಲ.

ಠಾಣೆಯ ಪುಸ್ತಕದಲ್ಲಿ ಅವಳ ಸಾಲಿನ ಮೇಲೆ ದಪ್ಪ ಕಾಗದ ಅಂಟಿಸಿ ನಾಲ್ಕು ಮೂಲೆಗೆ ಮುದ್ರೆ ಹಾಕಿದೆವು. ಕಡತದ ಹಾಳೆಗಳನ್ನು ಎಣಿಸಿದೆ, ಹತ್ತೊಂಬತ್ತು. ಓದಲಿಲ್ಲ, ನಮ್ಮ ಕೆಲಸದವರು ಹಾಳೆ ಎಣಿಸುತ್ತಾರೆ, ಓದುವುದಿಲ್ಲ. ಲಕೋಟೆಯಲ್ಲಿಟ್ಟು ಅರಗು ಸುರಿದೆ. ಒಂದು ಹನಿಯೂ ಕಪ್ಪಾಗಲಿಲ್ಲ. ರತ್ನವ್ವ ಫಾರಂನಲ್ಲಿ ಇಲ್ಲ ಎಂದು ಬರೆದು ಕಳಿಸಿದಳು.

ಮೂರು ವಾರ ಬಿಟ್ಟು ಅವಳು ಮತ್ತೆ ರೆಕಾರ್ಡ್ ರೂಮಿನ ಕಿಟಕಿಗೆ ಬಂದಳು. ಕೈಯಲ್ಲಿ ಇಲಾಖೆಯ ಪತ್ರ. "ನಿಮ್ಮ ಬಂಧನದ ದಾಖಲೆ ಮುದ್ರೆ ಹಾಕಿದ ಲಕೋಟೆಯಲ್ಲಿ ಇರುವುದಾಗಿ ಪೊಲೀಸ್ ವರದಿ ಬಂದಿದೆ. ಸುಳ್ಳು ಮಾಹಿತಿ ನೀಡಿದ್ದಕ್ಕೆ ಹದಿನೈದು ದಿನದೊಳಗೆ ವಿವರಣೆ ಕೊಡಿ, ತಪ್ಪಿದರೆ ನೇಮಕ ರದ್ದು."

ಓದುತ್ತಿದ್ದಂತೆ ನನ್ನ ತಪ್ಪು ಹೊಳೆಯಿತು. ಲಕೋಟೆಯ ಹಣೆಗೆ ನಾನು ತಲೆಚೀಟಿ ಅಂಟಿಸಿದ್ದೆ. ನನ್ನ ದುಂಡನೆಯ ಅಕ್ಷರದಲ್ಲಿ ಅವಳ ಹೆಸರು, ತಾಯಿಯ ಹೆಸರು, "ಕಳವು ಪ್ರಕರಣದಲ್ಲಿ ಬಂಧನದ ದಾಖಲೆ, ಹಾಳೆ ಹತ್ತೊಂಬತ್ತು." ಹಾಗೇ ಹೊಸ ಸೂಚಿ ಪುಸ್ತಕದಲ್ಲೂ ಕೆಂಪು ಶಾಯಿಯಲ್ಲಿ ಬರೆದಿದ್ದೆ. ವಿಚಾರಣೆಗೆ ಬಂದ ಪೇದೆ ಲಕೋಟೆ ಮುಟ್ಟಲೇ ಇಲ್ಲ, ಮುಟ್ಟುವ ಅಗತ್ಯವೇ ಇರಲಿಲ್ಲ. ಸೂಚಿ ನೋಡಿ ನಕಲು ಮಾಡಿಕೊಂಡು ಹೋಗಿದ್ದ. ಗೆದ್ದಲು ತಿಂದು ಯಾರಿಗೂ ಸಿಗದಂತಾಗಿದ್ದನ್ನು ನಾನು ನಾಲ್ಕು ಊರು ಸುತ್ತಿ ಹುಡುಕಿ ತಂದು, ಎಲ್ಲರಿಗೂ ಒಂದೇ ಕಡೆ ಸಿಗುವಂತೆ ಮಾಡಿದ್ದೆ.

"ಮುಚ್ಚಿಡಿ ಅಂತ ಕೊಟ್ರೆ ಬೋರ್ಡ್ ಬರೆದು ನೇತಾಕಿದೀರಲ್ರೀ" ಎಂದಳು ರತ್ನವ್ವ. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರವಾಗುತ್ತಿತ್ತು.

ನೇರ ನ್ಯಾಯಾಧೀಶರ ಕೋಣೆಗೆ ಹೋಗಿ ಒಪ್ಪಿಕೊಂಡೆ. ಅವರು ಲಕೋಟೆ ತರಿಸಿ ತಲೆಚೀಟಿಯನ್ನು ಬಹಳ ಹೊತ್ತು ನೋಡಿದರು. "ಅಕ್ಷರ ಬಹಳ ಚೆನ್ನಾಗಿದೆ ರುದ್ರಪ್ಪನವರೆ" ಎಂದರು. ಅಷ್ಟು ಕೆಟ್ಟ ಬೈಗುಳವನ್ನು ನಾನು ಮತ್ತೆಂದೂ ತಿಂದಿಲ್ಲ.

ಅಂದೇ ಹೊಸ ಆದೇಶವಾಯಿತು. ಅರ್ಜಿದಾರಳ ಎದುರಿಗೇ ಲಕೋಟೆ ಒಡೆದು, ಹಾಳೆ ಎಣಿಸಿ, ತಲೆಚೀಟಿ ಇಲ್ಲದ ಹೊಸ ಲಕೋಟೆಗೆ ಹಾಕಬೇಕು. ಮೇಲೆ ಒಂದು ಸಂಖ್ಯೆ ಮಾತ್ರ. ಸೂಚಿಯ ಸಾಲನ್ನೂ ಮುಚ್ಚಬೇಕು. ಆಕೆಯ ಉತ್ತರ ಸತ್ಯ, ಪೊಲೀಸ್ ವರದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ಇಲಾಖೆಗೆ ಕೋರ್ಟಿನಿಂದಲೇ ಪತ್ರ ಹೋಗಬೇಕು.

ನ್ಯಾಯಾಧೀಶರ ಮೇಜಿನ ಮೇಲೆ ಒಂದೊಂದೇ ಹಾಳೆ ಮಗುಚುತ್ತಾ ಎಣಿಸುತ್ತಿದ್ದೆ. ಹನ್ನೊಂದನೆಯ ಹಾಳೆಗೆ ರತ್ನವ್ವ ಕೈ ಅಡ್ಡ ಇಟ್ಟಳು.

"ಇದು ನಮ್ಮವ್ವಂದೇನ್ರೀ?"

ಅದೊಂದು ಮುಚ್ಚಳಿಕೆ. ಕೋರ್ಟು ಹುಡುಗಿಯನ್ನು ತಾಯಿಯ ವಶಕ್ಕೆ ಬಿಡುವಾಗ ತಾಯಿ ಬರೆದುಕೊಟ್ಟದ್ದು. ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು. ನೇರಳೆ ಶಾಯಿ ಮಾಸಿರಲಿಲ್ಲ, ಒಂದೊಂದು ಗೆರೆಯೂ ಎಣಿಸುವಂತಿತ್ತು. ನ್ಯಾಯಾಧೀಶರು ಓದಲು ಹೇಳಿದರು. ಅವಳೇ ಓದಿದಳು: "ನನ್ನ ಮಗಳನ್ನು ಕರೆದ ದಿನ, ಕರೆದ ಹೊತ್ತಿಗೆ ಹಾಜರುಪಡಿಸುತ್ತೇನೆ. ಕೇಸು ಮುಗಿಯುವವರೆಗೆ ಈ ಊರು ಬಿಟ್ಟು ಹೋಗುವುದಿಲ್ಲ."

ಓದಿ ಮುಗಿಸಿ ಮೆಲ್ಲಗೆ ಹೇಳಿದಳು. "ನಮ್ಮೋರೆಲ್ಲ ಗುಡಾರ ಕಿತ್ಕೊಂಡು ಹೋದ್ರು. ನಮ್ಮವ್ವ ಹೋಗಲಿಲ್ಲ. ಹೆಬ್ಬೆಟ್ಟು ಒತ್ತೀನಿ ಅಂದ್ಲು. ಬಸ್ ಸ್ಟ್ಯಾಂಡಿನ ಹಿಂದೆ ಈಚಲ ಪೊರಕೆ ಕಟ್ಕಂಡು ವರ್ಷ ಪೂರ್ತಿ ಕೂತ್ಲು. ನಾನು ಸುಮ್ನೆ ಕೂರಾಕೆ ಆಗದೆ ಪಕ್ಕದ ಇಸ್ಕೂಲಿಗೆ ಹೋಗಿ ಕಿಟಕೀಲಿ ನಿಂತೆ. ಮೇಷ್ಟ್ರು ಒಳಗೆ ಕರೆದ್ರು. ನಮ್ ಜನ ಮತ್ತೆ ಸಿಗಲೇ ಇಲ್ಲ ಇವ್ಳಿಗೆ."

"ತಾಯಿ ಈಗ?" ಎಂದರು ನ್ಯಾಯಾಧೀಶರು.

"ದೊಡ್ಡಾಸ್ಪತ್ರೇಲಿ ತೀರ್ಕೊಂಡ್ಲು, ನಾನು ಟ್ರೈನಿಂಗಿನಾಗಿದ್ದೆ. ಬರೋದ್ರೊಳಗೆ ಮಣ್ಣು ಮಾಡಿದ್ರು. ಎಲ್ಲಿ ಅಂತ ಗೊತ್ತಿಲ್ಲ. ಫೋಟೋ ಇಲ್ಲ, ರೇಷನ್ ಕಾರ್ಡಿಲ್ಲ. ಇದೊಂದೇ ಐತ್ರೀ ನಮ್ಮವ್ವಂದು."

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. ನಕಲು ಕೊಡಬಹುದೇ ಎಂದು ನನ್ನ ಕಡೆ ನೋಡಿದರು. ನಾನು ಆಗದೆಂದು ತಲೆಯಾಡಿಸಿದೆ. ಆಗ ನಮ್ಮಲ್ಲಿ ಜೆರಾಕ್ಸ್ ಇರಲಿಲ್ಲ. ನಕಲು ಅಂದರೆ ಟೈಪಿಸ್ಟ್ ಹೊಡೆದು ಕೊಡುವ ಹಾಳೆ. ಹೆಬ್ಬೆಟ್ಟು ಬಂದ ಜಾಗದಲ್ಲಿ ಅವನು "ಹೆಬ್ಬೆಟ್ಟಿನ ಗುರುತು ಇದೆ" ಎಂದು ಟೈಪು ಮಾಡುತ್ತಾನೆ, ಅಷ್ಟೇ.

ರತ್ನವ್ವ ತನ್ನ ಎಡಗೈ ಹೆಬ್ಬೆರಳನ್ನು ಆ ಗುರುತಿನ ಮೇಲೆ ಇಟ್ಟಳು. ಒತ್ತಲಿಲ್ಲ, ಸುಮ್ಮನೆ ಇಟ್ಟಳು. ನ್ಯಾಯಾಧೀಶರೂ ನಾನೂ ಬೇರೆ ಕಡೆ ನೋಡಿದೆವು. ಕಡತ ಎಂದರೆ ಏನೆಂದು ನನಗೆ ಅಷ್ಟು ವರ್ಷದಲ್ಲಿ ಅಂದೇ ಗೊತ್ತಾದದ್ದು. ಇದೇ ಹಾಳೆಯನ್ನು ಮೂರು ವಾರದ ಹಿಂದೆ ನಾನು ಹನ್ನೊಂದು ಎಂದು ಎಣಿಸಿ ಮಗುಚಿದ್ದೆ.

"ಮುಚ್ಚಿದ ಮೇಲೆ ಮುಂದೊಂದು ದಿನ ಸುಟ್ಟಾಕ್ತೀರೇನ್ರೀ ಇದನ್ನ?" ಎಂದು ಕೇಳಿದಳು. ಆ ಗಳಿಗೆಯಲ್ಲಿ ಅವಳಿಗೆ ಕೆಲಸ ಹೆಚ್ಚೋ ಈ ಹಾಳೆ ಹೆಚ್ಚೋ ಎಂದು ನನಗೆ ತಿಳಿಯಲಿಲ್ಲ. ಬೇಡ, ಮುಚ್ಚಬೇಡಿ ಎಂದುಬಿಡುತ್ತಾಳೇನೋ ಎಂದು ಹೆದರಿದೆ. ಅವಳ ಕೈ ಇನ್ನೂ ಹಾಳೆಯ ಮೇಲೇ ಇತ್ತು.

ನಾನು ನನಗೆ ತಿಳಿದದ್ದು ಹೇಳಿದೆ. "ಬೇರೆ ಕಡತಕ್ಕೆಲ್ಲ ಆಯುಸ್ಸು ಐತಮ್ಮ. ಇಂಥಿಂಥ ಜಾತಿಯ ಕಾಗದಕ್ಕೆ ಇಷ್ಟಿಷ್ಟು ವರ್ಷ ಅಂತ. ಆಮೇಲೆ ಹರಿದು ಹಾಕ್ತೀವಿ. ಆದ್ರೆ ಮುದ್ರೆ ಹಾಕಿದ ಲಕೋಟೇಲಿ ಏನೈತೆ ಅಂತ ಗೊತ್ತಿಲ್ಲದೆ ಅದಕ್ಕೆ ಆಯುಸ್ಸು ಬರೆಯಾಕೆ ಬರಲ್ಲ. ಗೊತ್ತುಮಾಡ್ಕಳ್ಳಾಕೆ ಒಡೆಯಂಗಿಲ್ಲ. ಮುಚ್ಚಿದ್ರೇನೇ ಉಳಿಯೋದು."

ಅವಳು ನ್ಯಾಯಾಧೀಶರ ಕಡೆ ನೋಡಿದಳು. ಅವರು ಹೌದೆಂದು ತಲೆದೂಗಿದರು. ಅವಳು ಕೈ ತೆಗೆದಳು. "ಹಂಗಾರೆ ಹಾಕ್ರಿ ಮುದ್ರೆ" ಎಂದಳು.

ಮೇಣದಬತ್ತಿ ಹಚ್ಚಿದೆ. ಐದು ಹನಿ, ಐದು ಮುದ್ರೆ. ನಡುವಿನದೊಂದು ಸ್ವಲ್ಪ ವಾರೆಯಾಯಿತು. ಲಕೋಟೆಯ ಹಣೆ ಖಾಲಿ ಬಿಟ್ಟು ಮೂಲೆಯಲ್ಲಿ ಸಂಖ್ಯೆ ಬರೆದೆ. ಖಾಲಿ ಹಣೆ ಕಂಡರೆ ಅದನ್ನು ತುಂಬಿಸದೆ ಬಿಡುವ ಅಭ್ಯಾಸ ನನಗಿರಲಿಲ್ಲ. ಅಂದು ಬಿಟ್ಟೆ.

ಗಡುವು ಮುಗಿಯುವ ಮೊದಲೇ ಇಲಾಖೆಯ ಪತ್ರ ಬಂತು. ರತ್ನವ್ವ ಒಂದು ಹಳ್ಳಿಯ ಶಾಲೆಗೆ ಸೇರಿದಳು. ಆಮೇಲೆ ವರ್ಷಕ್ಕೊಮ್ಮೆ, ಬೇಸಿಗೆ ರಜೆಯಲ್ಲಿ, ಕಿಟಕಿಗೆ ಬರುತ್ತಿದ್ದಳು. ಲಕೋಟೆ ತೋರಿಸಿ ಎಂದು ಒಂದು ದಿನವೂ ಕೇಳಲಿಲ್ಲ. "ಐತೇನ್ರೀ?" ಎನ್ನುತ್ತಿದ್ದಳು. ನಾನು ಎದ್ದು ಒಳಗೆ ಹೋಗಿ ನೋಡಿ ಬಂದು, "ಐತೆ" ಎನ್ನುತ್ತಿದ್ದೆ. ಅಷ್ಟಕ್ಕೇ ಹೋಗುತ್ತಿದ್ದಳು.

ಕಾಲ ಬದಲಾಯಿತು. ಕೆಂಪು ಬಟ್ಟೆ ಹೋಗಿ ಕಬ್ಬಿಣದ ಬೀರು ಬಂತು, ಎಡಗೈ ಗಂಟೂ ಬಲಗೈ ಗಂಟೂ ಇಲ್ಲದ ರಟ್ಟಿನ ಫೈಲುಗಳು ಬಂದವು. ಎಂಬತ್ತರ ದಶಕ ಮುಗಿಯುವ ಮೊದಲು ಹಳೆಯ ಕಡತ ನಾಶ ಮಾಡುವ ಆದೇಶವೂ ಬಂತು. ರತ್ನವ್ವನ ಕೇಸಿನ ವರ್ಷದ ಗಂಟುಗಳೆಲ್ಲ ಹರಿದು ಚೂರಾಗಿ ಲಾರಿ ಹತ್ತಿದವು. ಪರಿಶೀಲನೆಗೆ ಬಂದ ಅಧಿಕಾರಿ ಈ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ, "ತಲೆಚೀಟಿ ಇಲ್ಲವಲ್ಲ, ಒಳಗೇನಿದೆ?" ಎಂದರು.

"ಗೊತ್ತಿಲ್ಲ ಸಾರ್" ಎಂದೆ. ಮನಸ್ಸಿನಲ್ಲೇ ಗಫೂರ್ ಸಾಹೇಬರಿಗೆ ಕೈ ಮುಗಿದೆ. ಅಧಿಕಾರಿ ಅದನ್ನು ಇದ್ದಲ್ಲೇ ಇಟ್ಟರು.

ನಿವೃತ್ತಿಯ ದಿನ ಹೊಸ ಗುಮಾಸ್ತನಿಗೆ ಬೀಗದ ಕೈ, ಪುಸ್ತಕ, ಮುದ್ರೆ ಎಲ್ಲ ಒಪ್ಪಿಸಿದೆ. ಎಂಜಲಿನ ಗುಟ್ಟನ್ನೂ ಹೇಳಿಕೊಟ್ಟೆ. ಅವನು ಆ ಲಕೋಟೆ ನೋಡಿ, "ಇದ್ರಾಗೇನೈತೆ ಸಾರ್?" ಎಂದ. ಅವನಿಗೂ "ಗೊತ್ತಿಲ್ಲ" ಎಂದೇ ಹೇಳಿದೆ. ಆಮೇಲೆ ಹೇಳಿದೆ:

"ಬೇಸಿಗೇಲಿ ಒಬ್ಬ ಮೇಡಂ ಬರ್ತಾರೆ. ಐತೇನ್ರೀ ಅಂತ ಕೇಳ್ತಾರೆ, ಮತ್ತೇನೂ ಕೇಳಲ್ಲ. ನೀನೂ ಏನೂ ಕೇಳಬ್ಯಾಡ. ಎದ್ದು ಒಳಗೆ ಹೋಗಿ ಕಣ್ಣಾರೆ ನೋಡಿ ಬಂದು ಐತೆ ಅನ್ನು. ಕೂತಲ್ಲಿಂದ ಮಾತ್ರ ಹೇಳಬ್ಯಾಡ."